ಬಿಸಿಯಾದ ತಂತಿ

ಟಕ್ ಎಂದು ಒಂದೇ ಸದ್ದು ಮಾಡಿ ಲಾರಿ ಮತ್ತೆ ಸುಮ್ಮನಾಯಿತು. ಅವಳು ಸ್ಟಾರ್ಟರ್ ಗುಂಡಿಯಿಂದ ಬೆರಳು ತೆಗೆದು ಹಿಂದೆ ತಿರುಗಿ ನೋಡಿದಳು. ಸೈನ್ಯದವರು ಹರಾಜಿಗೆ ಹಾಕಿದ್ದ ಆ ಮುದಿ ಲಾರಿಯ ತುಂಬ ಅವಳೇ ಬೆಳೆಸಿದ ಸಸಿಗಳು. ಬಿಸಿಲೇರುವ ಮೊದಲೇ ಅವು ಶಾಲೆಯ ಬಯಲು ಸೇರಬೇಕು. ಮಕ್ಕಳು ಆಗಲೇ ಕುಣಿ ತೋಡಿಕೊಂಡು ಕಾಯುತ್ತಿದ್ದರು.

"ಬ್ಯಾಟರಿ ಹೊಸದು, ಸ್ಟಾರ್ಟರ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದೂ ಆಯ್ತು. ಇನ್ನು ಗುಜರಿಗೆ ಹಾಕೋದೇ ಸರಿ," ಎಂದ ಗಂಡ.

"ಅಣ್ಣನ್ನ ಕರ್ಕೊಂಡು ಬನ್ನಿ."

"ಭಾವನ್ನಾ? ಅವರಿಗೆ ಕಣ್ಣೇ ಕಾಣಲ್ವಲ್ಲೇ!"

"ಕೈ ಇದೆಯಲ್ಲ. ಹೋಗ್ರೀ."

ಅಣ್ಣ ಸೈನ್ಯದಲ್ಲಿ ಇಂಥದೇ ಲಾರಿ ಓಡಿಸಿ ನಿವೃತ್ತನಾದವನು. ಕಣ್ಣು ಮಂಜಾಗಿ, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಪಕ್ಕದ ಬೀದಿಯ ತನ್ನ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದ. ಲಾರಿ ಕೈಕೊಟ್ಟಿದ್ದಕ್ಕೆ ಅವಳಿಗೆ ಒಳಗೊಳಗೇ ಸಣ್ಣ ಖುಷಿಯೂ ಆಗಿತ್ತು. ಅವನನ್ನು ಕರೆಯಲು ಇವತ್ತಾದರೂ ಒಂದು ನೆಪ ಸಿಕ್ಕಿತಲ್ಲ.

ಅಣ್ಣ ಅವಳ ಗಂಡನ ಭುಜ ಹಿಡಿದುಕೊಂಡು ಗೊಣಗುತ್ತಲೇ ಬಂದ. "ನನ್ನಿಂದ ಏನಾಗುತ್ತೆ ಪುಟ್ಟೀ? ಯಾರಾದ್ರೂ ಮೆಕ್ಯಾನಿಕ್‌ನ ಕರೀಬಾರ್ದಿತ್ತಾ?" ಅನ್ನುತ್ತಿದ್ದರೂ ಅವನ ಅಂಗೈ ಆಗಲೇ ಬಾನೆಟ್ ಸವರುತ್ತಿತ್ತು. "ಹೆಡ್‌ಲೈಟ್ ಹಾಕಿ ಒತ್ತು."

ಟಕ್.

"ಲೈಟ್ ಏನಾಯ್ತು?"

"ಪೂರ್ತಿ ಮಂಕಾಯ್ತು," ಎಂದ ಗಂಡ.

"ಹಾಗಾದ್ರೆ ಕರೆಂಟು ದಾರೀಲೇ ಎಲ್ಲೋ ಸಿಕ್ಕಿಹಾಕ್ಕೊಂಡಿದೆ." ಅಣ್ಣ ನೆಲಕ್ಕೆ ಮಂಡಿಯೂರಿದ. ಬ್ಯಾಟರಿಯಿಂದ ಹೊರಟ ದಪ್ಪ ತಂತಿಯ ಮೇಲೆ ಬೆರಳಾಡಿಸುತ್ತಾ, ಅದು ಲಾರಿಯ ಕಬ್ಬಿಣದ ಚಾಸಿಗೆ ಬೋಲ್ಟಾಗಿದ್ದ ಜಾಗದವರೆಗೂ ಹೋದ. "ಒತ್ತು. ಬಿಡಬೇಡ... ಅಬ್ಬಬ್ಬಾ, ಸುಡ್ತಾ ಇದೆ!" ಕೈ ಕೊಡವಿ, ಬೋಲ್ಟಿನ ಸುತ್ತ ಉಗುರಿನಿಂದ ಕೆರೆದು ನೋಡಿದ. "ಇಲ್ಲಿ ಬಣ್ಣ ಬಳಿದೋರು ಯಾರು?"

ಗಂಡ ಕೆಮ್ಮಿದ. "ತುಕ್ಕು ಹಿಡೀಬಾರ್ದು ಅಂತ... ಎರಡು ಕೋಟು."

"ತಂತಿ ಬಿಚ್ಚಿ, ಅದರ ಅಡಿಗೂ?"

"ಅಡಿಗೇ ಜಾಸ್ತಿ."

"ಮಾರಾಯ್ರೇ, ಕರೆಂಟಿಗೆ ಬಾಗಿಲು ಹಾಕಿ, ಬಾಗಿಲಿಗೂ ಬಣ್ಣ ಹೊಡೆದಿದೀರಲ್ರೀ!" ಎಂದ ಅಣ್ಣ.

ಅವಳು ಸೀಟಿನ ಮೇಲೇ ಬಿದ್ದು ಬಿದ್ದು ನಕ್ಕಳು. ಗಂಡನೂ ತಲೆ ಕೆರೆದುಕೊಂಡು ನಕ್ಕ. ಅಣ್ಣ ಮಾತ್ರ ನಗುವನ್ನು ತುಟಿಯಲ್ಲೇ ಹಿಡಿದುಕೊಂಡು ಸ್ಪ್ಯಾನರಿಗೆ ಕೈಚಾಚಿದ.

ಬ್ಯಾಟರಿಯ ತುದಿ ಕಳಚಿ, ಬೋಲ್ಟು ಬಿಚ್ಚಿ, ಅವನೇ ಉಪ್ಪು ಕಾಗದ ಹಿಡಿದು ಉಜ್ಜತೊಡಗಿದ. ಗಂಡ "ಕೊಡಿ ಭಾವ, ನಾನು ಉಜ್ತೀನಿ" ಎಂದರೂ ಕೊಡಲಿಲ್ಲ. ಉಜ್ಜುವುದು, ಬೆರಳ ತುದಿಯಿಂದ ಮುಟ್ಟಿ ನೋಡುವುದು, ಮತ್ತೆ ಉಜ್ಜುವುದು. ಬಣ್ಣದ ಹಸಿರು ಪುಡಿ ಉದುರಿ, ಬೆಳ್ಳಗೆ ಹೊಳೆಯುವ ಕಬ್ಬಿಣ ಕಂಡಿತು. ತಂತಿಯನ್ನು ಮತ್ತೆ ಕೂಡಿಸಿ, ಬೋಲ್ಟನ್ನು ಬಿಗಿ ಮಾಡಿ, ಬ್ಯಾಟರಿ ಸೇರಿಸಿ, "ಈಗ ಒತ್ತು," ಎಂದ.

ಲಾರಿ ಒಮ್ಮೆ ಮೈ ಕೊಡವಿ ಗುಡುಗಿತು. ಸಸಿಗಳೆಲ್ಲ ತಲೆಯಾಡಿಸಿದವು.

"ಹತ್ತು ಅಣ್ಣಾ."

"ನಾನ್ಯಾಕೆ?"

"ದಾರೀಲಿ ನಿಂತ್ರೆ ಯಾರನ್ನ ಕರೀಲಿ?"

ಗಂಡ ಯಾರೂ ಹೇಳದೆಯೇ ಹಿಂದೆ ಹೋಗಿ ಸಸಿಗಳ ನಡುವೆ ಜಾಗ ಮಾಡಿಕೊಂಡ. ಅಣ್ಣ ಬಾಗಿಲ ಹಿಡಿಯನ್ನು ತಡಕಿ, ಹತ್ತಿ ಅವಳ ಪಕ್ಕ ಕುಳಿತ.

ಊರು ದಾಟಿದ ಮೇಲೆ ಎದುರಿನಿಂದ ಭಾರದ ಗಾಡಿಯೊಂದು ಬರುವ ಸದ್ದಾಯಿತು. ಲಾರಿ ಓಡಿಸುತ್ತಿದ್ದ ದಿನಗಳಲ್ಲಿ ಎದುರಿನ ಡ್ರೈವರುಗಳಿಗೆ ಮಾಡುತ್ತಿದ್ದ ಹಾಗೆ, ಅಣ್ಣ ಕಿಟಕಿಯಾಚೆ ತೋಳು ಚಾಚಿ, ಅಂಗೈ ಎತ್ತಿ ಹಿಡಿದ. ಪಕ್ಕದಲ್ಲೇ ಹಾದುಹೋಗುತ್ತಾ ಆ ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಗಾಳಿಗೆ ಅಂಗಿಯ ತೋಳು ಉಬ್ಬಿಕೊಂಡಿದ್ದರೂ ಅಣ್ಣ ಕೈ ಒಳಗೆ ತೆಗೆದುಕೊಳ್ಳಲಿಲ್ಲ.