ಜಿಂಕೆ ಬದಿಯ ತೊಗರಿ

“ಏ ಹೆಲೆನಾ, ಕೈ ಸವದು ಹೋಗ್ತಾವೇನ ಬೋಳಿಮಗಳೆ? ಗಿಡ ಝಾಡಿಸು!”

ಶಿವರಾಜಪ್ಪ ಬದುವಿನ ಮೇಲೆ ನಿಂತು ನನಗೆ ಒದರುತ್ತಿದ್ದ. ಜನವಾಡದಾಚೆ ಅವನ ತೊಗರಿ ಹೊಲ, ಅದಕ್ಕೆ ಅಂಟಿಕೊಂಡೇ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲು. ಅಪರೂಪದ ಜೀವಗಳು, ಹೊಲಕ್ಕೂ ಬಾಯಿ ಹಾಕುತ್ತವೆ. ಅದಕ್ಕೇ ಕಾಯಿಕೊರಕ ಹುಳುವಿಗೆ ಇಲ್ಲಿ ವಿಷದೆಣ್ಣೆ ಹೊಡೆಯಬಾರದು, ಗಿಡ ಅಲುಗಾಡಿಸಿ ಹುಳುವನ್ನು ಚಾದರಕ್ಕೆ ಕೆಡವಬೇಕು ಎಂದು ಸರ್ಕಾರದ ಹುಕುಂ. ಅದನ್ನು ನೋಡಲು ಬೀದರಿನಿಂದ ಅರಣ್ಯ ಇಲಾಖೆಯ ಸಾಹೇಬರು ಬಂದಿದ್ದರು.

ನನಗೆ ಬೆಳಿಗ್ಗೆಯಿಂದಲೇ ಶಕ್ ಇತ್ತು. ಎಂದೂ ಒಳ್ಳೆಯ ಮಾತಾಡದವನು ಇವತ್ತು “ಕೈ ತೊಳಕೊಂಡು ಉಣ್ರಿ” ಎಂದಿದ್ದ. ಜೀವ ಇರುವ ಹುಳು ಚಾದರದ ಮೇಲೆ ಬಿದ್ದರೆ ಹರಿದಾಡುತ್ತದೆ. ಇವು ಬಿದ್ದಲ್ಲೇ ಬಿದ್ದಿದ್ದವು. ಎಲೆಗೆ ಘಾಟು ವಾಸನೆ. ನನ್ನ ಬಸುರಿ ಸೊಸೆ ಕ್ಯಾರೊಲಿನ ಆಗಲೇ ಎರಡು ಸಲ ವಾಂತಿ ಮಾಡಿಕೊಂಡಿದ್ದಳು.

“ಸಾವ್ಕಾರ್ರ, ಎಣ್ಣಿ ಹೊಡದೀರೇನ್ರಿ?”

“ನಿಮ್ಮ ಏಸು ಬಂದು ಹೇಳ್ಯಾನೇನ? ಬಸುರಿ ಕಾರಿಕೊಳ್ಳದೆ ಮತ್ತ್ಯಾರು, ನಾ ಕಾರಿಕೋಬೇಕೇನ? ಸುಮ್ಮ ಝಾಡಿಸು, ಹಲ್ಕಟ್ ರಂಡಿ!”

ಸಾಹೇಬರಿಗೆ ಕೇಳಿಸಿತ್ತು. ಆದರೂ ಮೊಬೈಲನ್ನು ಜಿಂಕೆಗಳ ಕಡೆಯೇ ಹಿಡಿದು ನಿಂತಿದ್ದರು.

ತೊಗರಿಯ ಕುಡಿಗಳನ್ನು ಕಿತ್ತು ಉಡಿ ತುಂಬಿಕೊಂಡು ನೇರ ಬೇವಿನ ಮರದತ್ತ ನಡೆದೆ. ಅಲ್ಲಿ ಅವನ ದೇವಣಿ ತಳಿಯ ಹೋರಿ ಕಟ್ಟಿತ್ತು. ಹೊಟ್ಟೆಯ ಮಗನಿಗಿಂತ ಹೆಚ್ಚು ಮಾಡಿ ಸಾಕಿದ್ದ. ಸೊಪ್ಪು ಹಿಡಿದೆ. ಹೋರಿ ಮೂತಿ ಚಾಚಿತು.

“ಏ ಏ! ತಿನ್ನಸಬ್ಯಾಡ! ಸಾಯ್ತದ! ನಿನ್ನಿನೇ ಎಣ್ಣಿ ಹೊಡದೇವಿ!” ಶಿವರಾಜಪ್ಪ ಧೋತರ ಎತ್ತಿಕೊಂಡು ಓಡಿ ಬಂದ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಪಾಪ, ಹೋರಿಯದೇನು ತಪ್ಪು?

ಸಾಹೇಬರು ಮೊಬೈಲ್ ಕೆಳಗಿಳಿಸಿದರು. “ಜಿಂಕಿ ತಿಂದಾವೇನ್ರಿ? ಒಂದ್ ಸತ್ತರೂ ನನ್ನ ನೌಕರಿ ಹೋಗ್ತದ!”

ಅಷ್ಟರಲ್ಲಿ ಕ್ಯಾರೊಲಿನ ಸಾಲಿನ ನಡುವೆ ಕುಸಿದು ಬಿದ್ದಿದ್ದಳು. ಇಬ್ಬರೂ ಹುಲ್ಲುಗಾವಲಿನ ಕಡೆ ನೋಡುತ್ತಿದ್ದರು. ನಾವು ಹೆಂಗಸರೇ ಅವಳನ್ನು ಎತ್ತಿ ತಂದು ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು.

“ಏ, ಸರ್ಕಾರಿ ಗಾಡಿ ಅದು! ಇಳಸ್ರಿ ಆಕಿನ್ನ!” ಸಾಹೇಬರು ಕೂಗಿದರು.

ನಾನು ಒಳಗೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಉಳಿದ ಹೆಂಗಸರು ಜೀಪಿನ ಸುತ್ತ ನಿಂತರು.

“ಈಕಿನೂ ಒಂದ್ ಜಿಂಕಿ ಅಂತ ತಿಳಕೋರಿ ಸಾಹೇಬ್ರ. ಹೊಡೀರಿ ಗಾಡಿ, ಬೀದರ ದವಾಖಾನಿಗಿ.”