ಕಂಬಿಯ ಮೇಲೆ ಎರಡು ಏಟು

ಲಿಫ್ಟ್ ರಿಪೇರಿಯವರಿಗೆ ಒಂದು ನಿಯಮವಿದೆ. ಲಿಫ್ಟಿನ ತಳದ ಗುಂಡಿಗೆ ಇಳಿಯುವವನು ಮೊದಲು ಕಟ್ಟಡದ ತುದಿಯಲ್ಲಿರುವ ಮೋಟಾರು ಕೋಣೆಗೆ ಹೋಗಬೇಕು, ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು, ಆಮೇಲೆ ಕೆಳಗಿಳಿಯಬೇಕು. ಯಾರ ಜೀವವೋ ಅವರ ಜೇಬಿನಲ್ಲೇ ಫ್ಯೂಸು. ಈ ನಿಯಮ ಮಾಡಿದ ಪುಣ್ಯಾತ್ಮರು ಮೆಟ್ಟಿಲು ಹತ್ತಿ ಇಳಿದವರಲ್ಲ ಎಂಬುದು ಬೇರೆ ಮಾತು. ಕರೆಂಟು ತೆಗೆದ ಮೇಲೆ ಹತ್ತು ಹನ್ನೊಂದು ಅಂತಸ್ತನ್ನೂ ನಡೆದೇ ಇಳಿಯಬೇಕು, ಕೆಲಸ ಮುಗಿದ ಮೇಲೆ ನಡೆದೇ ಹತ್ತಬೇಕು. ದಿನಕ್ಕೆ ಮೂರು ಕಟ್ಟಡ ಎಂದರೆ ಯಾರಾದರೂ ಕೈ ಮುಗಿದುಬಿಡುತ್ತಾರೆ.

ಇಲಿ ಮತ್ತು ಅವನ ಭಾವ ಆ ನಿಯಮವನ್ನು ಗಾಳಿಗೆ ತೂರಿ ಹದಿನಾರು ವರ್ಷವಾಗಿತ್ತು. ಇಲಿ ಎಂಬುದು ಕಂಪನಿಯವರು ಇಟ್ಟ ಅಡ್ಡಹೆಸರು. ಸಣ್ಣ ಮೈಕಟ್ಟು, ಎಂಥ ಇಕ್ಕಟ್ಟಿನ ಗುಂಡಿಯಾದರೂ ಸುಳಿದು ಹೋಗುತ್ತಿದ್ದ. ಭಾವ ಎಂದರೆ ಅವನ ಹೆಂಡತಿಯ ಅಣ್ಣ. ಮೊದಲು ಜೊತೆ ಕೆಲಸದವನಾಗಿದ್ದು, ಇಲಿಯ ಕೈಕೆಲಸ ನೋಡಿ ಮೆಚ್ಚಿ, ತಂಗಿಯನ್ನು ಕೊಟ್ಟವನು. ಅವನ ಬಲಮಂಡಿ ಸವೆದು ಹೋಗಿತ್ತು. ಆದ್ದರಿಂದ ಅವನು ಲಿಫ್ಟಿನಲ್ಲೇ ಮೇಲೆ ಹೋಗಿ, ಅದನ್ನು ನಡುವಿನ ಅಂತಸ್ತಿಗೆ ಕಳಿಸಿ, ಫ್ಯೂಸು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡು ಮೋಟಾರಿನ ಪಕ್ಕ ಕೂರುವುದು, ಇಲಿ ಕೆಳಗೆ ಗುಂಡಿಯಲ್ಲಿ ಕೆಲಸ ಮಾಡುವುದು ಎಂದು ಏರ್ಪಾಡಾಯಿತು. ಗುಂಡಿಯಲ್ಲಿ ಫೋನು ಸಿಗುವುದಿಲ್ಲ. ಅದಕ್ಕೂ ಇಲಿಯೇ ಉಪಾಯ ಕಂಡುಹಿಡಿದ. ಲಿಫ್ಟು ಜಾರುವ ಕಬ್ಬಿಣದ ಕಂಬಿ ತಳದಿಂದ ತುದಿಯವರೆಗೆ ಒಂದೇ ಸಮನೆ ಇರುತ್ತದಲ್ಲ, ಕೆಳಗೆ ಸ್ಪ್ಯಾನರಿನಿಂದ ಕುಟ್ಟಿದರೆ ಮೇಲೆ ಕೂತವನಿಗೆ ಕೇಳಿಸುತ್ತದೆ. ಎರಡು ಏಟು ಬಿದ್ದರೆ ‘ನಾನು ಹೊರಗೆ ಬಂದೆ, ಫ್ಯೂಸು ಹಾಕು’ ಎಂದರ್ಥ. ಯಾರಾದರೂ ಬುದ್ಧಿ ಹೇಳಲು ಬಂದರೆ ಇಲಿ ನಗುತ್ತಿದ್ದ. “ನನ್ನ ಜೇಬು ತೂತು ಕಣ್ರೀ. ಭಾವನ ಜೇಬೇ ಭದ್ರ” ಎನ್ನುತ್ತಿದ್ದ.

ಹದಿನಾರು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಒಂದು ದಿನ ನಡೆಯಲಿಲ್ಲ. ಇಲಿ ಇನ್ನೂ ಗುಂಡಿಯಲ್ಲಿದ್ದಾಗಲೇ ಭಾವ ಫ್ಯೂಸು ಹಾಕಿದ. ಹನ್ನೊಂದನೇ ಅಂತಸ್ತಿನಲ್ಲಿ ಯಾರೋ ಬಟನ್ ಒತ್ತಿದರು. ಲಿಫ್ಟು ತುದಿಗೆ ಹೋದರೆ ಅದರ ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಕಬ್ಬಿಣದ ತೂಕ ತಳಕ್ಕೆ ಬರಲೇಬೇಕು. ಅದು ಬಂದು ಇಲಿಯ ಎಡಗಾಲಿನ ಮೇಲೆ ಕೂತಿತು. ಆಸ್ಪತ್ರೆಯಲ್ಲಿ ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು, ಅದಕ್ಕೆ ಮೊಳೆ ಹಾಕಿದರು.

ಭಾವ ಮೊದಲ ದಿನವೇ ಎಲ್ಲರ ಮುಂದೆ ಹೇಳಿದ್ದ. “ಎರಡು ಏಟು ಬಿತ್ತು. ನನ್ನ ಕಿವಿಯಾರೆ ಕೇಳ್ದೆ. ಅದಕ್ಕೇ ಹಾಕ್ದೆ.”

ಇಲಿಗೆ ಪ್ರಜ್ಞೆ ಬಂದದ್ದು ಮೂರನೇ ದಿನ. ನೆಲ ಅಂತಸ್ತಿನ ಬಾಗಿಲನ್ನು ಕೀಲಿಯಿಂದ ತೆರೆದದ್ದು, ಗುಂಡಿಯೊಳಗೆ ದೀಪ ಇಳಿಬಿಟ್ಟದ್ದು ಅವನಿಗೆ ನೆನಪಿತ್ತು. ಅಲ್ಲಿಂದ ಮುಂದೆ ಆಸ್ಪತ್ರೆಯ ಸೂರು. ನಡುವಿನದು ಏನೂ ಇಲ್ಲ. “ಏನಾಯ್ತೇ?” ಎಂದು ಹೆಂಡತಿಯನ್ನು ಕೇಳಿದ. ಅವಳು ಹೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಅವಳು ಮತ್ತೆ ಹೇಳಿದಳು. ಡಾಕ್ಟರು, “ಆ ಹೊತ್ತಿನ ನೆನಪು ಇನ್ನು ಬರೋದು ಕಷ್ಟ, ತಲೆ ಕೆಡಿಸ್ಕೋಬೇಡಿ” ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಹೇಳುವುದು ಸುಲಭ, ಕಾಲು ಹೋದ ಮೇಲೆ ಕೆಡಿಸಿಕೊಳ್ಳಲು ಅವನಿಗೆ ತಲೆ ಬಿಟ್ಟು ಉಳಿದದ್ದಾದರೂ ಏನು?

ಆರನೇ ದಿನ ಕಂಪನಿಯ ಅಧಿಕಾರಿ ಫಾರಂ ಹಿಡಿದು ಬಂದ. ಕುರ್ಚಿ ಎಳೆದುಕೊಂಡು ಬಹಳ ಮರ್ಯಾದೆಯಿಂದ ಕೇಳಿದ. “ನೀವು ಗುಂಡಿಯೊಳಗಿಂದಲೇ ಸನ್ನೆ ಕೊಟ್ಟಿರಾ?”

ಇಲಿ ಲೆಕ್ಕ ಹಾಕಿದ. ಕೊಟ್ಟೆ ಎಂದರೆ ತನ್ನ ಕಾಲನ್ನು ತಾನೇ ಕತ್ತರಿಸಿಕೊಂಡ ಹಾಗೆ. ನೆನಪಿಲ್ಲ ಎಂದರೂ ಹೆಚ್ಚು ಕಡಿಮೆ ಅದೇ. ಹದಿನಾರು ವರ್ಷ ಗುಂಡಿಗಿಳಿದವನು ಒಳಗೆ ನಿಂತು ‘ಹೊರಗೆ ಬಂದೆ’ ಎಂದು ಕುಟ್ಟುತ್ತಾನೆಯೇ? ಕುಟ್ಟಲು ಸಾಧ್ಯವೇ ಇಲ್ಲ. ಸಾಧ್ಯವೇ ಇಲ್ಲ ಎಂದ ಮೇಲೆ ಕುಟ್ಟಲಿಲ್ಲ ಎಂದೇ ಆಯಿತಲ್ಲ.

“ಇಲ್ಲ. ನಾನು ಕುಟ್ಟಿಲ್ಲ” ಎಂದ. ಅಧಿಕಾರಿ ಬರೆದುಕೊಂಡ.

ಗುಂಡಿಯೊಳಗೂ ಒಂದು ಸ್ವಿಚ್ಚಿರುತ್ತದೆ. ಅದನ್ನು ಒತ್ತಿಟ್ಟರೆ ಮೇಲೆ ಯಾರು ಏನು ಹಾಕಿದರೂ ಲಿಫ್ಟು ಅಲುಗುವುದಿಲ್ಲ. ಆ ಕಟ್ಟಡದ ಸ್ವಿಚ್ಚು ಸುಟ್ಟು ಎಂಟು ತಿಂಗಳಾಗಿತ್ತು. ಹೊಸದು ಕಳಿಸಿ ಎಂದು ಭಾವ ಕಂಪನಿಗೆ ಬರೆದೂ ಬರೆದೂ ಸೋತಿದ್ದ. ಆದರೆ ಫಾರಮ್ಮಿನಲ್ಲಿ ಸ್ವಿಚ್ಚಿನ ಪ್ರಶ್ನೆಯೇ ಇರಲಿಲ್ಲ. ಕುಟ್ಟಿದೆಯೋ ಇಲ್ಲವೋ, ಕೇಳಿತೋ ಇಲ್ಲವೋ, ಅಷ್ಟೇ. ಇಬ್ಬರು ನೆಂಟರು ಒಬ್ಬರ ತಲೆಯ ಮೇಲೊಬ್ಬರು ಗೂಬೆ ಕೂರಿಸುತ್ತಿರುವಾಗ ಕಂಪನಿ ನಡುವೆ ಯಾಕೆ ಬಾಯಿ ಹಾಕೀತು? ತಪ್ಪು ಜೊತೆಯವನದ್ದು ಎಂದು ತೀರ್ಮಾನವಾದರೆ ಇಲಿಗೆ ಪರಿಹಾರ, ಭಾವನಿಗೆ ಗೇಟುಪಾಸು. ಇಲಿಯದೇ ಎಂದಾದರೆ ಇಲಿಗೆ ಏನೂ ಇಲ್ಲ. ಎರಡರಲ್ಲಿ ಯಾವುದಾದರೂ ಅಧಿಕಾರಿಯ ಊಟ ನಿಲ್ಲುವಂತಿರಲಿಲ್ಲ.

ತಿಂಗಳಾದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಿಟ್ಟ ದಿನ ಭಾವನೂ ಬಂದಿದ್ದ. ಜೀವಮಾನವಿಡೀ ಲಿಫ್ಟು ರಿಪೇರಿ ಮಾಡಿದವನ ಮನೆಗೆ ಲಿಫ್ಟಿಲ್ಲ ನೋಡಿ, ಮೂರನೇ ಮಹಡಿ, ಕಡಿದಾದ ಮೆಟ್ಟಿಲು. ಭಾವ ಬಗ್ಗಿ ಬೆನ್ನು ಕೊಟ್ಟ. ಇಲಿಗೆ ಬೇರೆ ದಾರಿಯಿರಲಿಲ್ಲ, ಅವನ ಕೊರಳು ತಬ್ಬಿಕೊಂಡ. ಒಂದೊಂದು ಮೆಟ್ಟಿಲಿಗೂ ಆ ಸವೆದ ಮಂಡಿ ಕಟಕಟ ಎನ್ನುತ್ತಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಭಾವ ಗೋಡೆಗೆ ಕೈಯೂರಿ ನಿಂತ.

“ಇಳಿಸಿ ಭಾವ. ಸುಧಾರಿಸ್ಕೊಳ್ಳಿ.”

“ಸುಮ್ನಿರು.”

ಅವನ ಕತ್ತಿನ ಬೆವರು ಇಲಿಯ ಕೆನ್ನೆಗೆ ತಾಗುತ್ತಿತ್ತು. ಇಂಥವನ ಮೇಲೆ ಹೇಳಿಕೆ ಕೊಟ್ಟೆನಲ್ಲ ಎಂದು ಇಲಿಗೆ ಸಂಕಟವಾಯಿತು. ಮರುಕ್ಷಣವೇ, ಇವನು ಸುಮ್ಮನೆ ‘ನನ್ನ ತಪ್ಪು’ ಎಂದುಬಿಟ್ಟಿದ್ದರೆ ಹೇಳಿಕೆಯ ಮಾತೇ ಬರುತ್ತಿರಲಿಲ್ಲವಲ್ಲ ಎಂದು ಸಿಟ್ಟು ಬಂತು. ಮಂಚದ ಮೇಲೆ ಕೂರಿಸಿ ಭಾವ ನೀರೂ ಕುಡಿಯದೆ ಹೊರಟ. ಬಾಗಿಲಲ್ಲಿ ತಿರುಗಿ, “ಎರಡು ಏಟು ಬಿದ್ದಿದ್ದು ನಿಜ ಕಣೋ” ಎಂದ. “ನಾನು ಕುಟ್ಟಿಲ್ಲ” ಎಂದ ಇಲಿ. ಆಮೇಲೆ ಎರಡು ತಿಂಗಳು ಭಾವ ಆ ಕಡೆ ತಲೆ ಹಾಕಲಿಲ್ಲ.

ಆ ಎರಡು ತಿಂಗಳು ಹೇಗೆ ಕಳೆದವು ಎಂದು ಕೇಳಬೇಡಿ. ಬೆಳಿಗ್ಗೆ ಹೆಂಡತಿ ಉಳಿದ ತುಂಡುಗಾಲಿನ ಪಟ್ಟಿ ಬಿಚ್ಚಿ, ತೊಳೆದು, ಒರೆಸಿ, ಮತ್ತೆ ತುದಿಯಿಂದ ಮೇಲಕ್ಕೆ ಬಿಗಿಯಾಗಿ ಸುತ್ತುತ್ತಿದ್ದಳು. ವಾರಕ್ಕೆರಡು ಸಲ ವ್ಯಾಯಾಮ ಮಾಡಿಸುವಾಕೆ ಬಂದು, “ಎತ್ತಿ, ಹಿಡೀರಿ, ಬಿಡಿ” ಎಂದು ಪ್ರಾಣ ತಿನ್ನುತ್ತಿದ್ದಳು. ಇಲ್ಲದ ಪಾದದ ಅಂಗಾಲು ನವೆಯಾಗುತ್ತಿತ್ತು. ಕೆರೆಯೋಣವೆಂದು ಬಗ್ಗಿದರೆ ಕೈಗೆ ಹಾಸಿಗೆಯ ಬಟ್ಟೆ ಸಿಗುತ್ತಿತ್ತು. ಆಗ ಅವನಿಗೆ ಅಳು ಬರುತ್ತಿತ್ತು, ಅಳು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾದದ್ದಕ್ಕೆ ಹೆಂಡತಿಯ ಮೇಲೆ ರೇಗುತ್ತಿದ್ದ.

ನೋಡಲು ಬಂದವರಿಗೆಲ್ಲ ಅವನು ಅದೇ ಕಥೆ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಮೂಡಿತು. ಎಡಗೈಯಲ್ಲಿ ಗ್ರೀಸಿನ ಡಬ್ಬಿ ಇತ್ತು. ಬಲಗೈಯಲ್ಲಿ ಚಿಂದಿ ಬಟ್ಟೆ ಇತ್ತು. ಸ್ಪ್ಯಾನರು ಚೀಲದಲ್ಲೇ ಇತ್ತು, ಚೀಲ ಬಾಗಿಲ ಹೊರಗಿತ್ತು. “ಹೇಳಿ ಮತ್ತೆ, ಯಾವ ಕೈಯಿಂದ ಕುಟ್ಲಿ?” ಎಂದು ಎರಡೂ ಕೈ ಎತ್ತಿ ತೋರಿಸುತ್ತಿದ್ದ. ಬಂದವರು ಲೊಚಗುಟ್ಟಿ ಭಾವನನ್ನು ಬೈದು ಹೋಗುತ್ತಿದ್ದರು. ಗ್ರೀಸಿನ ಡಬ್ಬಿ ಎಲ್ಲಿಂದ ಬಂತು ಎಂದು ಇಲಿಗೆ ಗೊತ್ತಿರಲಿಲ್ಲ. ಆದರೆ ಈಗೀಗ ಕಣ್ಣು ಮುಚ್ಚಿದರೆ ಅದು ಕಾಣಿಸುತ್ತಲೂ ಇತ್ತು.

ಕಂಪನಿಯ ವಿಚಾರಣೆಗೆ ನಾಲ್ಕು ದಿನ ಇರುವಾಗ ಹೆಂಡತಿ ಪಟ್ಟಿ ಸುತ್ತುತ್ತ ಬಾಯಿ ತೆರೆದಳು. ಅವಳು ಅಷ್ಟು ದಿನ ಗಂಡನ ಕಡೆಯೂ ಹೇಳಿರಲಿಲ್ಲ, ಅಣ್ಣನ ಕಡೆಯೂ ಹೇಳಿರಲಿಲ್ಲ.

“ರೀ, ನೆನಪಿಲ್ಲ ಅಂತ ಹೇಳಿಬಿಡಿ. ಇರೋದು ಅದೇ ತಾನೇ?”

“ಹಾಗಂದ್ರೆ ನಾನೇ ಕುಟ್ಟಿದೆ ಅಂತಾರೆ.”

“ಅನ್ಲಿ ಬಿಡಿ. ಯಾರ ತಪ್ಪೂ ಅಲ್ಲ ಅಂತ ಆಗಬಾರದಾ?”

“ಯಾರ ತಪ್ಪೂ ಅಲ್ವಾ?” ಇಲಿ ತುಂಡುಗಾಲನ್ನು ಅವಳ ಕೈಯಿಂದ ಕಿತ್ತುಕೊಂಡ. “ಹಾಗಾದ್ರೆ ಇದು ಯಾಕೆ ಹೋಯ್ತು? ಸುಮ್ಸುಮ್ನೆ ಹೋಯ್ತಾ? ನಿಮ್ಮಣ್ಣ ಎರಡು ಕಾಲಲ್ಲಿ ಓಡಾಡ್ಕೊಂಡಿದಾನೆ, ನೀನು ಅವನ ಪರ ವಕಾಲತ್ತು ಮಾಡ್ತೀಯ!”

ಅವಳು ಬಿಚ್ಚಿಹೋದ ಪಟ್ಟಿಯನ್ನು ನೆಲದಿಂದ ಎತ್ತಿ, ಕೊಡವಿ, ಮತ್ತೆ ಮೊದಲಿನಿಂದ ಸುತ್ತಿದಳು.

ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಆ ಮಂಡಿಯ ಸದ್ದು ಕೇಳಿಸಿತು. ಭಾವ ಬಂದ. ಎರಡೇ ತಿಂಗಳಲ್ಲಿ ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದ, ಗಡ್ಡ ಬೆಳೆದಿತ್ತು. ಹೆಂಡತಿ ನೀರು ತಂದು ಕೊಟ್ಟಳು. ಅವನು ಲೋಟ ಕೆಳಗಿಟ್ಟು, ಜೇಬಿನಿಂದ ಮಡಿಸಿದ ಕಾಗದ ತೆಗೆದು ಮಂಚದ ಮೇಲಿಟ್ಟ.

“ತಪ್ಪು ನಂದೇ ಅಂತ ಬರೆದಿದೀನಿ. ಸಹಿ ಹಾಕಿದೀನಿ. ನಾಳೆ ಆಫೀಸಿಗೆ ಕೊಡ್ತೀನಿ.”

ಇಲಿ ಕಾಗದ ಮುಟ್ಟಲಿಲ್ಲ. ಮೂರು ತಿಂಗಳಿಂದ ಇದೊಂದೇ ಮಾತಿಗೆ ಕಾದಿದ್ದ. ಈಗ ಅದು ಎದುರಿಗೆ ಬಿದ್ದಿತ್ತು, ಮೈಯಲ್ಲಿ ಯಾವ ನೋವೂ ಕಡಿಮೆಯಾಗಲಿಲ್ಲ.

“ನಿನ್ನ ಕೇಸು ನಿನ್ನ ಕಡೆಗೇ ಆಗುತ್ತೆ. ಅದರ ಚಿಂತೆ ಬಿಡು” ಎಂದ ಭಾವ. ಅವನ ದನಿ ತೀರ ತಗ್ಗಿತ್ತು. “ಒಂದೇ ಒಂದು ಕೇಳ್ತೀನಿ. ಇದು ಆಫೀಸಿಗಲ್ಲ, ನನಗೆ. ಆ ಎರಡು ಏಟು ಈಗಲೂ ಕೇಳ್ತಾನೇ ಇದೆ. ಊಟಕ್ಕೆ ಕೂತ್ರೂ ಕೇಳುತ್ತೆ. ನಿಜವಾಗ್ಲೂ ಬಿತ್ತಾ, ಇಲ್ಲ ನನ್ನ ತಲೆ ಕೆಟ್ಟಿದ್ಯಾ ಅಂತ ನನಗೇ ಗೊತ್ತಾಗ್ತಿಲ್ಲ. ಕೆಳಗೆ ಇದ್ದಿದ್ದು ನೀನೊಬ್ನೇ. ನಿನಗೆ ಸರಿಯಾಗಿ ನೆನಪಿದ್ಯಾ? ಇಲ್ಲ ಅಂದ್ರೂ ಪರವಾಗಿಲ್ಲ ಕಣೋ, ಕಾಗದ ನಾನು ಕೊಟ್ಟೇ ಕೊಡ್ತೀನಿ. ತಂಗಿ ಆಣೆ. ನನಗೆ ಗೊತ್ತಾಗ್ಬೇಕು, ಅಷ್ಟೇ.”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು.

ಸತ್ಯ ಹೇಳಿದರೆ ಇಲಿ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಪರಿಹಾರ ಹೋಗುತ್ತಿರಲಿಲ್ಲ, ಕೇಸು ಹೋಗುತ್ತಿರಲಿಲ್ಲ. ‘ನೆನಪಿಲ್ಲ ಭಾವ’ ಎಂಬ ಎರಡು ಪದ ಅವನ ಗಂಟಲವರೆಗೆ ಬಂದವು. ಆದರೆ ಅವು ಹೊರಬಿದ್ದರೆ ಆ ಎರಡು ಏಟು ಬಿದ್ದಿರಬಹುದು ಎಂದಾಗುತ್ತದೆ. ಬಿದ್ದಿದ್ದರೆ ಕುಟ್ಟಿದ ಕೈ ಇದೇ, ಈಗ ಹೊದಿಕೆಯ ಮೇಲೆ ಬಿದ್ದುಕೊಂಡಿರುವ ಈ ಕೈ. ಇನ್ನು ಬದುಕಿರುವಷ್ಟು ದಿನ ಇದರಿಂದಲೇ ಉಣ್ಣಬೇಕು, ಇದರಿಂದಲೇ ಊರುಗೋಲು ಹಿಡಿಯಬೇಕು. ಅವನಿಗೆ ಹೆದರಿಕೆಯಾಯಿತು. ಗುಂಡಿಯಲ್ಲಿ ಎಂದೂ ಆಗದಷ್ಟು ಹೆದರಿಕೆಯಾಯಿತು.

“ನೆನಪಿದೆ” ಎಂದ ಇಲಿ. “ಕೈಯಲ್ಲಿ ಗ್ರೀಸಿನ ಡಬ್ಬಿ ಇತ್ತು. ನಾನು ಕುಟ್ಟಿಲ್ಲ.”

ಭಾವ ತಲೆಯಾಡಿಸಿದ. “ಹಾಗಾದ್ರೆ ನಾನೇ” ಎಂದ. “ನಾನೇ ಕಣೋ ನಿನ್ನ ಕಾಲು ತೆಗೆದಿದ್ದು.” ಕುರ್ಚಿ ಬಿಟ್ಟು, ಆ ಕೆಟ್ಟ ಮಂಡಿಯನ್ನೂರಿ ನೆಲಕ್ಕೆ ಕುಸಿದು, ಮಂಚದ ಅಂಚಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಐವತ್ತು ದಾಟಿದ ಗಂಡಸು ಅಷ್ಟು ಅತ್ತದ್ದನ್ನು ಇಲಿ ಎಲ್ಲೂ ಕಂಡಿರಲಿಲ್ಲ. “ತಪ್ಪಾಯ್ತು. ಕ್ಷಮಿಸಿಬಿಡು” ಎನ್ನುತ್ತಿದ್ದ.

ಆಗಲಾದರೂ ಹೇಳಬಹುದಿತ್ತು. ಇಲಿ ಕೈ ಚಾಚಿ ಅವನ ತಲೆಯ ಮೇಲಿಟ್ಟ.

“ಹೋಗ್ಲಿ ಬಿಡಿ ಭಾವ” ಎಂದ. “ಕ್ಷಮಿಸಿದೀನಿ.”

ಹೆಂಡತಿ ಬಂದು ಅಣ್ಣನ ರಟ್ಟೆ ಹಿಡಿದು ಎಬ್ಬಿಸಿದಳು. ಕಾಗದವನ್ನು ಮಡಿಸಿ ಅವನ ಜೇಬಿಗೆ ತಾನೇ ಹಾಕಿದಳು. “ನಡಿ ಅಣ್ಣ, ಮೆಟ್ಟಿಲಲ್ಲಿ ಜೋಪಾನ” ಎಂದು ಅವನ ಜೊತೆ ಹೊರಟಳು. ಗಂಡನ ಕಡೆ ತಿರುಗಿ ನೋಡಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಇಬ್ಬರ ಹೆಜ್ಜೆಗಳು ಒಂದೊಂದೇ ಮಹಡಿ ಇಳಿದು ಬೀದಿಯ ಗದ್ದಲದಲ್ಲಿ ಸೇರಿಹೋದವು.

ಇಲಿ ಒಬ್ಬನೇ ಕೂತ. ಎಲ್ಲ ಇತ್ಯರ್ಥವಾಯಿತು, ಇನ್ನು ನೆಮ್ಮದಿಯಾಗಿರಬೇಕು ಎಂದುಕೊಂಡ. “ನಾನು ಕುಟ್ಟಿಲ್ಲ” ಎಂದು ಗಟ್ಟಿಯಾಗಿಯೇ ಒಂದು ಸಲ ಹೇಳಿ ನೋಡಿದ. ಇಷ್ಟು ದಿನ ಆ ಮಾತಿಗೆ ‘ಕುಟ್ಟಿದೆ’ ಎಂದು ಎದುರಾಡಲು ಭಾವ ಇದ್ದ. ಅವನು ಇದ್ದದ್ದರಿಂದ ಇಲಿ ಜಗಳವಾಡಬಹುದಿತ್ತು. ಈಗ ಭಾವ ಸೋತು ಹೋಗಿದ್ದ, ಎದುರಾಡುವವರು ಯಾರೂ ಉಳಿದಿರಲಿಲ್ಲ.

“ಕುಟ್ಟಿದೆ” ಎಂದು ಅವನೊಳಗಿನಿಂದಲೇ ಯಾರೋ ಹೇಳಿದರು. ಇಲಿ ಆ ಕೈಯನ್ನು ಹೊದಿಕೆಯೊಳಗೆ ಸರಿಸಿಕೊಂಡ.