ಬೀರು ಇಡುವ ಗೋಡೆ

ಗುರುವಾರ ಮಧ್ಯಾಹ್ನ ಮಾಯಮ್ಮ ತನ್ನ ಮಂಚವನ್ನು ತಾನೇ ಎಳೆದು ತಂದು ಪಡಸಾಲೆಗೆ ಹಾಕಿದಳು. ಅರವತ್ತೆರಡರ ಹೆಂಗಸು, ಸೊಂಟ ಹಿಡಿದುಕೊಂಡು, ಎರಡು ಹೆಜ್ಜೆಗೊಮ್ಮೆ ನಿಂತು, ಉಸ್ಸಪ್ಪಾ ಎಂದು ಮತ್ತೆ ಎಳೆದಳು. ಮಗ ಸ್ವಾಮಿ ಮನೆಯಲ್ಲೇ ಇದ್ದ. ಇದ್ದೇನು ಬಂತು? ತನ್ನ ಕೋಣೆಯಲ್ಲಿ ಕೂತು ಅಂಗೈಯಷ್ಟು ದೊಡ್ಡ ಲಾರಿಯೊಂದರ ಚಕ್ರದ ಸಂದಿಯನ್ನು ಬ್ರಷ್ಷಿನಿಂದ ಒರೆಸುತ್ತಿದ್ದ. ಮಂಚ ಆದಮೇಲೆ ಟ್ರಂಕು. ಮದುವೆಯಾಗಿ ಬಂದಾಗ ತವರಿನಿಂದ ತಂದಿದ್ದ ತಗಡಿನ ಟ್ರಂಕು ಅದು. ಅದನ್ನು ಕೊಟ್ಟಿಗೆಗೆ ಸಾಗಿಸಿ, ಖಾಲಿಯಾದ ಕೋಣೆಯ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ಭಾನುವಾರ ಮಳವಳ್ಳಿ ಕಡೆಯ ಹೆಣ್ಣಿನವರು ಮನೆ ನೋಡಲು ಬರುವವರಿದ್ದರು. ಸ್ವಾಮಿಗೆ ಮೂವತ್ತೆಂಟು. ಈ ಸೀಮೆಯಲ್ಲಿ ಗಂಡಿಗೊಂದು ಹೆಣ್ಣು ಹುಡುಕುವುದು ಎಂಥ ಪಾಡು ಅನ್ನುವುದನ್ನು ಯಾವ ಬಸ್ ಸ್ಟಾಂಡಿನಲ್ಲಿ ಕೇಳಿದರೂ ಹೇಳುತ್ತಾರೆ. ಹನ್ನೊಂದು ವರ್ಷ ಮಾಯಮ್ಮ ಅಲೆದಿದ್ದಳು, ಕಂಡಕಂಡವರ ಕೈಗೆಲ್ಲ ಮಗನ ಫೋಟೋ ಕೊಟ್ಟಿದ್ದಳು. ಈಗ ನೆಂಟರ ಪೈಕಿಯ ಮರಿಸಿದ್ದಯ್ಯ ಈ ಸಂಬಂಧ ತಂದಿದ್ದ. ಗಗನ ಅಂತ ಹುಡುಗಿ, ಮೂವತ್ತೊಂದು ವರ್ಷ, ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು. ಇದು ತಪ್ಪಿದರೆ ಇನ್ನೊಂದಿಲ್ಲ ಅನ್ನುವುದು ಮಾಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಸ್ವಾಮಿ ಕೆಟ್ಟವನಲ್ಲ, ಅದೇ ತೊಂದರೆ. ಕುಡುಕನಾಗಿದ್ದರೆ ಬಯ್ಯಬಹುದಿತ್ತು. ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು, ಬಿಡುವಿದ್ದರೆ ಕಬ್ಬಿನ ಗದ್ದೆ, ಊರವರ ಹತ್ತಿರ ಒಂದು ಕೆಟ್ಟ ಮಾತಿಲ್ಲ. ಒಂದು ಸಲ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋದವನು, ಹಿಂದೆ ಮನೆಯಲ್ಲಿದ್ದು ಮಾರಿದ್ದ ಟ್ರಾಕ್ಟರಿನಂಥದ್ದೇ ಒಂದು ಪುಟ್ಟ ಟ್ರಾಕ್ಟರು ತಂದ. ಬಾನೆಟ್ಟು ತೆಗೆದರೆ ಒಳಗೆ ಎಂಜಿನ್ನು, ತಿರುಗುವ ಸ್ಟೇರಿಂಗು. ಆಗ ಮಾಯಮ್ಮನೂ ನಕ್ಕಿದ್ದಳು, ಅಕ್ಕಪಕ್ಕದವರನ್ನು ಕರೆದು ತೋರಿಸಿದ್ದಳು. ಆಮೇಲೆ ಅದೇ ಟ್ರಾಕ್ಟರು ನೀಲಿ ಬಣ್ಣದ್ದು ಬಂತು. ಆಮೇಲೆ ಜೀಪು, ಬಸ್ಸು, ಲಾರಿ, ಹಳೇ ಕಾಲದ ಕಾರು. ಎಲ್ಲವೂ ನಿಜವಾದ ಗಾಡಿಯ ನಲವತ್ತಮೂರರಲ್ಲಿ ಒಂದು ಪಾಲು ಇರಬೇಕಂತೆ, ಚೂರು ಹೆಚ್ಚುಕಮ್ಮಿಯಾದರೂ ಅವನಿಗೆ ಆಗದು. ಕೆಲವನ್ನು ಎರಡೆರಡು ತರಿಸಿದ, ಒಂದು ನೋಡುವುದಕ್ಕೆ, ಒಂದು ಪೊಟ್ಟಣ ಒಡೆಯದೆ ಇಡುವುದಕ್ಕೆ. ಅಜ್ಜಿಯ ತಿಥಿಯ ದಿನ ಕೊರಿಯರ್‌ನವನ ಫೋನು ಬಂತೆಂದು ಎಲೆ ಮುಂದಿನಿಂದ ಎದ್ದು ಮದ್ದೂರಿಗೆ ಓಡಿದ್ದ.

ಬರಬರುತ್ತಾ ಮನೆಗೇ ಕಾನೂನು ಬಂತು. ಧೂಳು ಏಳುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಮಸಿ ಕೂರುತ್ತದೆಂದು ಸಾಂಬ್ರಾಣಿ ಹಾಕುವಂತಿಲ್ಲ. ಒಗ್ಗರಣೆಯ ಹೊಗೆಯಲ್ಲಿ ಎಣ್ಣೆ ಇರುತ್ತದಂತೆ, ಅದು ಹೋಗಿ ಗಾಡಿಗಳ ಬಣ್ಣಕ್ಕೆ ಅಂಟುತ್ತದಂತೆ. ಅದಕ್ಕೆ ಆರು ವರ್ಷದಿಂದ ಮಾಯಮ್ಮ ಹಿತ್ತಲ ಒಲೆಯಲ್ಲೇ ಒಗ್ಗರಣೆ ಹಾಕುತ್ತಾಳೆ, ಮಳೆ ಬಂದರೆ ತಲೆಗೆ ಗೋಣಿಚೀಲ ಹೊದ್ದು. ಅಲ್ಲ, ನೀವೇ ಹೇಳಿ, ಸಾಸಿವೆ ಸಿಡಿಸುವುದಕ್ಕೂ ಮಗನ ಅಪ್ಪಣೆ ಕೇಳುವ ತಾಯಿ ಇನ್ನೆಲ್ಲಾದರೂ ಇದ್ದಾಳೆಯೇ?

ಹೆಣ್ಣು ನೋಡಲು ಹೋದ ದಿನ ಗಗನ ಮಾಯಮ್ಮನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಕೇಳಿದ್ದಳು.

"ಅತ್ತೆ, ಮೊದಲ್ನೇ ವರ್ಸದ ಸಂಬಳದಲ್ಲಿ ಒಂದು ಬೀರು ತಕ್ಕೊಂಡಿವ್ನಿ. ನಂದು ಅಂತ ಇರೋದು ಅದೊಂದೆಯ. ಅದ ಮಡಗಕ್ಕೆ ನಿಮ್ ಮನೇಲಿ ಜಾಗ ಅದಾ?"

"ಅದೆ ಕಣವ್ವ, ಇಲ್ದೆ ಏನು" ಎಂದು ಮಾಯಮ್ಮ ಹುಡುಗಿಯ ಗಲ್ಲ ಸವರಿ ಬಂದಿದ್ದಳು. ಬಸ್ಸಿನಲ್ಲಿ ಕೂತಮೇಲೆ ಮನೆಯ ಗೋಡೆಗಳನ್ನು ಒಂದೊಂದಾಗಿ ಎಣಿಸಿದಳು. ಎಲ್ಲಿದೆ ಜಾಗ?

ಮನೆಗೆ ಬಂದು ಮಗನಿಗೆ ಹೇಳಿದಳು. "ಒಂದು ಗೋಡೆ ಬುಟ್ಕೊಡ್ಲಾ ಮಗ. ಒಂದೇ ಒಂದು ಗೋಡೆ."

ಸ್ವಾಮಿ ಇಲ್ಲ ಅನ್ನಲಿಲ್ಲ. "ಆಯ್ತು ಕಣವ್ವ" ಎಂದು ಕೋಣೆಗೆ ಹೋದ. ಒಂದು ಗಂಟೆ ಬಿಟ್ಟು ಮಾಯಮ್ಮ ಇಣುಕಿದರೆ, ಮೂರು ಕಾರು ಕೆಳಗಿಳಿಸಿ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಸಂಜೆಗೆ ಅವೂ ಮೇಲೆ ಹತ್ತಿದ್ದವು. "ಯಾವ್ದ ತೆಗೀಲಿ ನೀನೇ ಏಳವ್ವ" ಎಂದು ಕೇಳಿದವನ ಮುಖ ನೋಡಿ ಅವಳಿಗೆ ಬಯ್ಯಲೂ ಬಾಯಿ ಬರಲಿಲ್ಲ. ಸೋಮನಹಳ್ಳಿಯ ಬಡಗಿಯ ಹತ್ತಿರ ಅವನು ಮಾಡಿಸಿದ್ದ ಇನ್ನೊಂದು ಗಾಜಿನ ಕಪಾಟು ಮನೆಯಲ್ಲಿ ಜಾಗವಿಲ್ಲದೆ ನಾಲ್ಕು ತಿಂಗಳಿಂದ ಅಲ್ಲೇ ಬಿದ್ದಿತ್ತು. ಇಂಥವನ ಹತ್ತಿರ ಗೋಡೆ ಬಿಡಿಸುವುದುಂಟೆ? ಸಾಕಪ್ಪಾ ಸಾಕು ಎಂದು ಮಾಯಮ್ಮ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಳು. ಮದುವೆಯಾಗುವ ಮಕ್ಕಳು ಅಲ್ಲಿ ಮಲಗಲಿ, ಬೀರು ಅಲ್ಲೇ ಇರಲಿ. ತನಗೆ ಪಡಸಾಲೆ ಇದೆಯಲ್ಲ.

ಶನಿವಾರ ಅವಳು ಬಸರಾಳಿಗೆ ಹೋದಳು. ಮಾತುಕತೆಗೆ ಗಂಡಸರೊಬ್ಬರು ಇರಲಿ ಎಂದು ಅಣ್ಣ ಲಿಂಗಯ್ಯನನ್ನು ಕರೆತರುವ ಆಸೆ. ಅಣ್ಣನ ಮಂಡಿ ಊದಿಕೊಂಡಿತ್ತು, ಬರಲಾಗಲಿಲ್ಲ. ರಾತ್ರಿ ಅಲ್ಲೇ ಉಳಿದು, ಬೆಳಗಿನ ಮೊದಲ ಬಸ್ಸು ಹಿಡಿದು, ಮಂಡ್ಯದಲ್ಲಿ ಬಸ್ಸು ಬದಲಿಸಿ, ಎಂಟೂವರೆಗೆ ಮನೆ ಸೇರಿದಳು. ಅವಳ ಕೋಣೆಯ ಬಾಗಿಲು ಹಾಕಿತ್ತು. ಸ್ವಾಮಿ ನೈಟ್ ಶಿಫ್ಟ್ ಮುಗಿಸಿ ಖಾಲಿ ಕೋಣೆಯಲ್ಲಿ ಚಾಪೆ ಹಾಕಿ ಮಲಗಿದ್ದಾನೆ ಅಂದುಕೊಂಡು, ಎಬ್ಬಿಸದೆ, ಸೀದಾ ಹಿತ್ತಲಿಗೆ ಹೋಗಿ ಮಸಾಲೆ ಅರೆದಳು, ಕೋಳಿ ತೊಳೆದಿಟ್ಟಳು. ಒಪ್ಪಿಗೆಯಾಗದೆ ಹೆಣ್ಣಿನವರು ಊಟಕ್ಕೆ ಕೂರುವುದಿಲ್ಲ. ಮಾತು ಮುಗಿದ ತಕ್ಷಣ ಒಲೆಗಿಟ್ಟರೆ ಬಿಸಿಬಿಸಿ ಬಡಿಸಬಹುದು ಅನ್ನುವುದು ಅವಳ ಲೆಕ್ಕ. ಹತ್ತೂವರೆಗೆ ಬಾಗಿಲು ಬಡಿದರೆ, "ಎದ್ದಿವ್ನಿ ಕಣವ್ವ, ಬತ್ತೀನಿ" ಎಂದು ಸ್ವಾಮಿ ಒಳಗಿನಿಂದಲೇ ಅಂದ.

ಹನ್ನೊಂದಕ್ಕೆ ಬಂದರು. ಗಗನಳ ತಾಯಿ ಪಟ್ಟಲಮ್ಮ, ಸೋದರಮಾವ ಕರಿಯಯ್ಯ, ಜೊತೆಗೆ ಮರಿಸಿದ್ದಯ್ಯ. ಕಾಲಿಗೆ ನೀರು ಕೊಟ್ಟದ್ದಾಯಿತು, ಕಾಫಿಯಾಯಿತು. ಪಟ್ಟಲಮ್ಮ ಹಸು ನೋಡಿದಳು, ನಲ್ಲಿ ನೋಡಿದಳು, ಬಚ್ಚಲು ನೋಡಿದಳು. ಎಲ್ಲದಕ್ಕೂ ತಲೆಯಾಡಿಸಿದಳು. ಮಾಯಮ್ಮನ ಮುಖ ಅರಳಿತು.

"ಬೀರು ಮಡಗೋ ಜಾಗ ನೋಡ್ಬನ್ನಿ ಬೀಗ್ತಿ. ನಿಮ್ ಮಗ್ಳು ಅದೊಂದೇ ಕೇಳಿದ್ದು" ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲು ತಳ್ಳಿದಳು.

ಕೋಣೆಯ ತುಂಬ ಬೆಳಕು. ಗೋಡೆಯ ಆ ತುದಿಯಿಂದ ಈ ತುದಿಗೆ, ಬಡಗಿಯ ಹತ್ತಿರ ಬಿದ್ದಿದ್ದ ಗಾಜಿನ ಕಪಾಟು, ಒಳಗೆ ಸಾಲುದೀಪ, ಒಂಬತ್ತು ಅಂತಸ್ತಿನಲ್ಲಿ ಕಾರು, ಬಸ್ಸು, ಟ್ರಾಕ್ಟರು. ಶನಿವಾರ ಅವ್ವ ಹೋದಮೇಲೆ ತರಿಸಿ, ಶಿಫ್ಟಿಗೂ ಹೋಗದೆ ಇಡೀ ರಾತ್ರಿ ಕೂತು ಜೋಡಿಸಿದ್ದ. ಉಳಿದ ಪೊಟ್ಟಣಗಳು ನೆಲದ ಮೇಲೆ ಸೊಂಟದೆತ್ತರಕ್ಕಿದ್ದವು. ಸ್ವಾಮಿ ಮೂಲೆಯಲ್ಲಿ ನಿಂತಿದ್ದ, ಕಣ್ಣು ಕೆಂಪಾಗಿತ್ತು.

"ಅವ್ವ, ಖಾಲಿ ಇತ್ತಲ್ಲ ಅಂತ..." ಎಂದ. ಆಮೇಲೆ ಒಳಗೆ ಕಾಲಿಟ್ಟ ಕರಿಯಯ್ಯನಿಗೆ, "ಮಾವ, ಅದ ಮುಟ್ಬ್ಯಾಡಿ" ಎಂದ.

ಮಾಯಮ್ಮ ಪಟ್ಟಲಮ್ಮನ ಕೈ ಬಿಟ್ಟಳು. ಮರಿಸಿದ್ದಯ್ಯನೇ ಮೊದಲು ಬಾಯಿ ಬಿಟ್ಟ. "ಏನೋ ಉಡುಗಾಟ ಬುಡಿ. ಕುಡಿಯಕ್ಕಿಲ್ಲ, ಇಸ್ಪೀಟ್ ಆಡಕ್ಕಿಲ್ಲ. ಇಂತಾ ಗಂಡು ಎಲ್ಲಿ ಸಿಗ್ತದೆ?"

"ಮದ್ವೆ ಆದ್ಮೇಲೆ ತಂತಾನೆ ಸರಿ ಓಯ್ತದೆ" ಎಂದ ಕರಿಯಯ್ಯ.

ಪಟ್ಟಲಮ್ಮ ಎಲ್ಲರನ್ನೂ ಬಿಟ್ಟು ಮಾಯಮ್ಮನನ್ನು ಪಡಸಾಲೆಗೆ ಕರೆತಂದಳು. ಅಲ್ಲಿ ಹಾಕಿದ್ದ ಮಂಚದ ಮೇಲೆ ಇಬ್ಬರೂ ಕೂತರು. ಮೂವತ್ತೊಂದರ ಮಗಳಿಗೆ ಗಂಡು ಹುಡುಕಿ ಅವಳೂ ಅಲೆದು ಸೋತ ತಾಯಿಯೇ.

"ನಂಗೂ ಸಾಕಾಗದೆ ಕಣಕ್ಕ" ಎಂದಳು. "ಬೀರು ಇಲ್ಲೇ ಪಡಸಾಲೆಲಿ ಇರ್ಲಿ ಬುಡಿ. ನೀವೊಂದ್ ಮಾತು ಏಳ್ಬುಡಿ, ಎಲ್ಡ್ ತಿಂಗಳಲ್ಲಿ ಇದೆಲ್ಲ ಸರಿ ಓಯ್ತದೆ ಅಂತ. ಎತ್ತ ತಾಯಿ ನೀವು, ನಿಮ್ ಮಾತೇ ಸಾಕು ನಂಗೆ. ಇವತ್ತೇ ಊಟ ಮಾಡ್ಕೊಂಡು ಓಯ್ತೀವಿ."

ಒಂದು ಮಾತು. ಹನ್ನೊಂದು ವರ್ಷದ ಅಲೆದಾಟ ಮುಗಿಯಲು ಒಂದೇ ಒಂದು ಸುಳ್ಳು ಸಾಕಾಗಿತ್ತು. ಮಾಯಮ್ಮ ಬಾಯಿ ತೆರೆದಳು ಕೂಡ. ಗಗನಳ ಮುಖ ಕಣ್ಣ ಮುಂದೆ ಬಂತು. ನಂದು ಅಂತ ಇರೋದು ಅದೊಂದೆಯ ಅಂದಿದ್ದಳಲ್ಲ ಆ ಹುಡುಗಿ. ಇಂದು ಬೀರು ಪಡಸಾಲೆಗೆ ಬರುತ್ತದೆ, ನಾಳೆ ಟ್ರಂಕಿನ ಪಕ್ಕ ಕೊಟ್ಟಿಗೆಗೆ ಹೋಗುತ್ತದೆ. ಆ ಹುಡುಗಿಯೂ ಮಳೆಯಲ್ಲಿ ಗೋಣಿಚೀಲ ಹೊದ್ದು ಒಗ್ಗರಣೆ ಹಾಕುತ್ತಾಳೆ.

"ಸರಿ ಓಗಕ್ಕಿಲ್ಲ ಕಣವ್ವ" ಎಂದಳು ಮಾಯಮ್ಮ. "ನಾನು ನನ್ ಕೋಣೆ ಬುಟ್ಟೆ, ಮೂರು ದಿಸ ಖಾಲಿ ಇರ್ಲಿಲ್ಲ. ಕೊಡಬ್ಯಾಡ ನಿನ್ ಮಗ್ಳ. ಒಳ್ಳೇ ಎಣ್ಣು."

ಪಟ್ಟಲಮ್ಮ ಅವಳ ಕೈ ಹಿಡಿದು ಅದುಮಿ, ಊಟಕ್ಕೆ ನಿಲ್ಲದೆ ಎದ್ದಳು. ಮರಿಸಿದ್ದಯ್ಯ ಮಾತ್ರ ಬೀದಿಗಿಳಿಯುವವರೆಗೂ ಬಯ್ಯುತ್ತಲೇ ಇದ್ದ. "ಎತ್ತ ತಾಯೇ ಇಂಗೆ ಮಾಡಿದ್ರೆ ಇನ್ಯಾರ್ ಮಾಡ್ತಾರೆ ಮಾಯಕ್ಕ? ಇನ್ನು ನನ್ ಕರೀಬ್ಯಾಡ."

ಅವರು ಹೋದಮೇಲೆ ಸ್ವಾಮಿ ಬಂದು ಬಾಗಿಲಿಗೆ ಒರಗಿ ನಿಂತ. "ಓಗ್ಲಿ ಬುಡವ್ವ" ಎಂದ. ಅದರಲ್ಲಿ ಇದ್ದದ್ದು ದುಃಖವಲ್ಲ, ನಿರಾಳ. ಅದು ಕೇಳಿಸಿದ್ದೇ ಮಾಯಮ್ಮ ಅವನನ್ನು ದುರುಗುಟ್ಟಿ ನೋಡಿದಳು. ನೋಡುತ್ತಿದ್ದಂತೆ ಅವನ ಮುಖ ಸೊಟ್ಟಗಾಯಿತು.

"ನಂಗೂ ಸಾಕಾಗದೆ ಕಣವ್ವ. ಇದೇ ಕೊನೇದು ಅಂತ ಪ್ರತಿ ಸಲಾನೂ ಅನ್ಕೋತೀನಿ. ತಂದ್ ಮಡಗಿದ್ ದಿಸವೇ ಇನ್ನೊಂದರ ಯೋಚ್ನೆ. ಆಗ್ತಾ ಇಲ್ಲ." ಕಣ್ಣೊರೆಸಿಕೊಂಡ. "ಆ ಕಪಾಟು ತೆಗಿಸ್ಬುಡ್ಲಾ?"

"ಯಾವಾಗ್ಲಾ?"

ಸ್ವಾಮಿ ತಿರುಗಿ ಕೋಣೆಯ ಕಡೆ ನೋಡಿದ.

ಮಾಯಮ್ಮ ಹಿತ್ತಲಿಗೆ ಹೋದಳು. ಅರೆದ ಮಸಾಲೆ, ಹೆಚ್ಚಿದ ಈರುಳ್ಳಿ, ತೊಳೆದಿಟ್ಟ ಕೋಳಿ ಎಲ್ಲವನ್ನೂ ಹೊತ್ತು ಒಳಗಿನ ಅಡುಗೆಮನೆಗೆ ತಂದಳು. ಗ್ಯಾಸು ಹಚ್ಚಿ ಬಾಣಲೆ ಇಟ್ಟು ಧಾರಾಳವಾಗಿ ಎಣ್ಣೆ ಸುರಿದಳು. ಕಾದ ಎಣ್ಣೆಗೆ ಈರುಳ್ಳಿ ಬಿದ್ದು ಚೊಯ್ಯೆಂದಿತು. ಮಸಾಲೆಯ ಘಾಟು ಎದ್ದು ಪಡಸಾಲೆಗೆ, ಅಲ್ಲಿಂದ ಕೋಣೆಗಳ ಕಡೆಗೆ ಹೊರಟಿತು.

"ಅವ್ವ, ಬಾಗ್ಲು!" ಸ್ವಾಮಿ ಕೂಗಿದ.

"ಮುಚ್ಚಕ್ಕಿಲ್ಲ ಕಣ್ಲಾ" ಎಂದಳು ಮಾಯಮ್ಮ, ಈರುಳ್ಳಿ ಮಗುಚುತ್ತಾ. "ಉಣ್ಣೋದಿದ್ರೆ ತಟ್ಟೆ ತಕ್ಕೊಂಡ್ ಬಾ."